ಹರಿದ ನೂರು ಡಾಲರ್ ನೋಟು: ಬಳ್ಳಾರಿಯಿಂದ ಬ್ಯಾಂಕಾಕ್‌ವರೆಗೆ ನಾನು ಹತ್ತಿದ ಕೌಂಟರ್‌ಗಳು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಸಣ್ಣ ಜೀನ್ಸ್ ಯೂನಿಟ್. 14 ಮಷೀನು, ಒಂದು ಕಟಿಂಗ್ ಟೇಬಲ್ಲು, ಅಷ್ಟೇ. ಕಳೆದ ವರ್ಷ ನಾವು ನಾಲ್ಕು ಜನ ಯೂನಿಟ್‌ನವರು ಸೇರಿಕೊಂಡು ಬ್ಯಾಂಕಾಕ್‌ಗೆ ಹೋಗಿದ್ದೆವು. ಜಿಪ್ಪು, ಬಟನ್ನು, ರಿವೆಟ್ಟು ನೋಡುವುದಕ್ಕೆ. ನನಗೆ ಅದೇ ಮೊದಲ ವಿದೇಶ. ಊಟ, ಹೋಟೆಲ್ಲು, ಭಾಷೆ, ಯಾವುದೂ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಎರಡು ನೋಟಿನಿಂದ.

ಆ ಎರಡು ನೋಟು ಹಿಡಿದುಕೊಂಡು ನಾನು ಎಷ್ಟು ಕೌಂಟರ್ ಹತ್ತಿ ಇಳಿದೆ, ಯಾರು ಹೇಗೆ ನಡೆದುಕೊಂಡರು ಅನ್ನುವುದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಈಗ ತುಂಬಾ ಜನ ಹೊರಗೆ ಹೋಗುತ್ತಾರೆ. ಉಮ್ರಾಗೆ, ಗಲ್ಫ್ ಕೆಲಸಕ್ಕೆ, ಮಕ್ಕಳನ್ನು ನೋಡುವುದಕ್ಕೆ. ಡಾಲರ್ ಕೊಳ್ಳುವಾಗ ರೇಟು ಮಾತ್ರ ಕೇಳುತ್ತೇವೆ, ನೋಟು ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಮೊದಲು ನಮ್ಮೂರಿನಲ್ಲಿ ವಿದೇಶಿ ಹಣ ಮಾರುವ ಏಜೆನ್ಸಿ. ಹೆಸರು ಬರೆಯುವುದಿಲ್ಲ. ಹೊರಡುವ ಎರಡು ದಿನ ಮುಂಚೆ ಹೋದೆ. ಪಾಸ್‌ಪೋರ್ಟು, ಟಿಕೆಟ್ಟು, ಪ್ಯಾನ್ ಕಾರ್ಡು ತೋರಿಸಿದೆ, ವಿದೇಶಿ ಹಣ ಕೊಳ್ಳುವುದಕ್ಕೆ ಕೊಡುವ ಎ2 ಫಾರ್ಮಿಗೆ ಸಹಿ ಹಾಕಿದೆ. ಒಂದು ಪ್ರವಾಸಕ್ಕೆ ನಗದಾಗಿ 3000 ಡಾಲರ್‌ವರೆಗೆ ಒಯ್ಯಬಹುದು, ನನಗೆ ಬೇಕಾಗಿದ್ದು 600. ಆವತ್ತಿನ ರೇಟಿಗೆ 52 ಸಾವಿರದ ಮೇಲೆ ಆಯಿತು. 50 ಸಾವಿರ ದಾಟಿದರೆ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ ಅಂದರು, ಅದು ಸರಿಯಾದ ನಿಯಮವೇ. ಅಕೌಂಟಿನಿಂದ ಹಾಕಿದೆ. ಇಲ್ಲಿಯವರೆಗೆ ಎಲ್ಲ ಚೊಕ್ಕ. ರೇಟೂ ಪರವಾಗಿಲ್ಲ, ಮಾತೂ ಮರ್ಯಾದೆಯದ್ದೇ. ಚಹಾ ಕೂಡ ತರಿಸಿಕೊಟ್ಟರು.

ಆಮೇಲೆ ಹುಡುಗ ಆರು ನೋಟನ್ನು ಮಷೀನಿಗೆ ಹಾಕಿದ. ಟರ್ ಅಂತ ಸದ್ದು, ಪರದೆಯ ಮೇಲೆ 6 ಅಂತ ಬಂತು. ಒಂದು ಕವರಿಗೆ ಹಾಕಿ, ಕವರಿನ ಬಾಯಿಗೆ ಸ್ಟೇಪ್ಲರ್ ಹೊಡೆದು ಕೊಟ್ಟುಬಿಟ್ಟ. ನಾನು ಕವರನ್ನು ಪರ್ಸಿಗೆ ಹಾಕಿಕೊಂಡು ಯೂನಿಟ್‌ಗೆ ಬಂದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗಲೂ ಅದು ಹಾಗೇ ಇತ್ತು, ಬೆಂಗಳೂರಿನಲ್ಲಿ ವಿಮಾನ ಹತ್ತಿದಾಗಲೂ ಹಾಗೇ ಇತ್ತು.

ಕವರ್ ಬಿಚ್ಚಿದ್ದು ಬ್ಯಾಂಕಾಕ್‌ನ ಪ್ರತುನಾಮ್‌ನಲ್ಲಿ. ಅದು ಬಟ್ಟೆ ಮಾರ್ಕೆಟ್ಟಿನ ಏರಿಯಾ, ದುಡ್ಡು ಬದಲಾಯಿಸುವ ಅಂಗಡಿಗಳೂ ಅಲ್ಲಿ ಜಾಸ್ತಿ. ಬೋರ್ಡಿನ ಮೇಲೆ ಒಂದೇ ಡಾಲರ್‌ಗೆ ಮೂರು ನಾಲ್ಕು ರೇಟು ಬರೆದಿರುತ್ತಾರೆ. 100ರ ನೋಟಿಗೆ ಒಂದು, ಸಣ್ಣ ನೋಟಿಗೆ ಅದಕ್ಕಿಂತ ಕಡಿಮೆ. ದೊಡ್ಡ ನೋಟೇ ತಂದಿದ್ದೇನೆ, ಒಳ್ಳೆಯ ರೇಟು ಸಿಗುತ್ತದೆ ಅಂತ ಸಮಾಧಾನದಲ್ಲಿ ಸಾಲಿನಲ್ಲಿ ನಿಂತೆ.

ಗಾಜಿನ ಆ ಕಡೆ ಇದ್ದ ಹುಡುಗಿ ಆರು ನೋಟನ್ನೂ ಇಸ್ಪೀಟು ಎಲೆಯ ಹಾಗೆ ಹರವಿದಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಅಂಚಿನ ಮೇಲೆ ಬೆರಳು ಎಳೆದಳು. ನಾಲ್ಕು ನೋಟು ಮಷೀನಿಗೆ ಹೋದವು. ಎರಡನ್ನು ಗಾಜಿನ ಕೆಳಗಿನ ಸಂದಿಯಿಂದ ನನ್ನ ಕಡೆ ತಳ್ಳಿದಳು. "ನೋ" ಅಂದಳು. ಯಾಕೆ ಅಂತ ಕೇಳಿದರೆ ಮತ್ತೆ "ನೋ". ಹಿಂದೆ ಹತ್ತು ಜನ ನಿಂತಿದ್ದರು.

ಪಕ್ಕಕ್ಕೆ ಬಂದು ಆವಾಗ ಮೊದಲ ಸಲ ಆ ನೋಟುಗಳನ್ನು ಸರಿಯಾಗಿ ನೋಡಿದೆ. ಒಂದರಲ್ಲಿ ಕೆಳಗಿನ ಅಂಚಿನಿಂದ, ನೋಟಿನ ಚಿತ್ರದಲ್ಲಿರುವ ಬೆಂಜಮಿನ್ ಫ್ರಾಂಕ್ಲಿನ್ ಅವರ ಭುಜದವರೆಗೆ ಒಂದು ಸೀಳು. ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ. ಅದರ ಹಿಂದೆ ಸೆಲ್ಲೋಟೇಪ್ ಹಚ್ಚಿದ್ದರು. ಟೇಪು ಹಳೆಯದಾಗಿ ಹಳದಿಯಾಗಿತ್ತು, ಅಂಚಿನಲ್ಲಿ ಧೂಳು ಹತ್ತಿತ್ತು. ಇನ್ನೊಂದು ನೋಟು ಹರಿದಿರಲಿಲ್ಲ, ಆದರೆ ಹಳೆಯ ನಮೂನೆ. ಮೇಲೆ ಸೀರೀಸ್ 1996 ಅಂತ ಇತ್ತು. ಮಿಕ್ಕ ನೋಟುಗಳಲ್ಲಿರುವ ನೀಲಿ ಪಟ್ಟಿ ಇದರಲ್ಲಿ ಇರಲಿಲ್ಲ. ಬಿಳಿ ಜಾಗದಲ್ಲಿ ಕಡಲೆಬೇಳೆಯಷ್ಟು ದೊಡ್ಡ ನೇರಳೆ ಬಣ್ಣದ ಮುದ್ರೆ, ಯಾವುದೋ ವ್ಯಾಪಾರಿ ಪರೀಕ್ಷೆ ಮಾಡಿ ಒತ್ತಿದ್ದು. ಇದರ ಜೊತೆಗೆ ಎರಡೂ ನೋಟಿನ ಮೂಲೆಯಲ್ಲಿ ನಮ್ಮೂರಿನ ಸ್ಟೇಪ್ಲರ್ ತೂತು.

ಹೊಟ್ಟೆಯಲ್ಲಿ ತಳಮಳ ಶುರುವಾಯಿತು. 200 ಡಾಲರ್ ಅಂದರೆ 17 ಸಾವಿರದ ಮೇಲೆ. ನಮ್ಮಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಅದು ಒಂದು ತಿಂಗಳ ಮನೆ ಖರ್ಚು. ಸಾಂಪೆಂಗ್ ಗಲ್ಲಿಯಲ್ಲಿ ಒಬ್ಬ ಬಟನ್ ವ್ಯಾಪಾರಿಯ ಹತ್ತಿರ 40 ಗ್ರೋಸ್ (ಒಂದು ಗ್ರೋಸ್ ಅಂದರೆ 144) ಮೆಟಲ್ ಬಟನ್ನಿಗೆ ಮಾತಾಡಿಕೊಂಡು ಬಂದಿದ್ದೆ. ಸಂಜೆಯೊಳಗೆ 15,000 ಬಾತ್ (ಅಲ್ಲಿನ ಥಾಯ್ ದುಡ್ಡು) ಮುಂಗಡ ಕಟ್ಟಬೇಕಿತ್ತು. ಕೈಯಲ್ಲಿ ಇದ್ದದ್ದು ನಾಲ್ಕು ನೋಟಿನ 13,360.

ಎರಡನೆಯ ಕೌಂಟರ್, ಮೂರನೆಯ ಕೌಂಟರ್, ಅದೇ ಉತ್ತರ. ಮೂರನೆಯವನು ನೋಟನ್ನು ಮುಟ್ಟಲೂ ಇಲ್ಲ, ಟೇಪು ಕಂಡ ಕೂಡಲೇ ಕೈ ಅಲ್ಲಾಡಿಸಿದ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆದರೆ ಒಂದು ಮಾತು ಹೇಳಬೇಕು. ತೆಗೆದುಕೊಳ್ಳದೆ ಇರುವುದು ಅವರ ಹಕ್ಕು, ಯಾಕೆ ಅಂತ ಒಂದು ಮಾತಿನಲ್ಲಿ ಹೇಳುವುದು ಸೇವೆ. ಗಾಜಿಗೆ ಒಂದು ಚೀಟಿ ಅಂಟಿಸಿದರೂ ಸಾಕಿತ್ತು. ಈ ಮೂರೂ ಕಡೆಗೆ 5ಕ್ಕೆ 2 ಅಂಕ ಕೊಡುತ್ತೇನೆ. ಒಳ್ಳೆಯ ನೋಟಿಗೆ ಬೋರ್ಡಿನಲ್ಲಿ ಬರೆದ ರೇಟನ್ನೇ ಪೈಸೆ ಬಿಡದೆ ಕೊಡುತ್ತಾರೆ, ಅದಕ್ಕೆ ಆ 2.

ನಾಲ್ಕನೆಯದು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಅಂಗಡಿ ಅನ್ನುವುದಕ್ಕಿಂತ ಗೂಡು ಅನ್ನಬೇಕು. ಒಂದು ಮೇಜು, ಒಂದು ಫ್ಯಾನು, ಅರವತ್ತರ ಆಸುಪಾಸಿನ ಒಬ್ಬ ತಾಯಿ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು, ನಮ್ಮ ಕಟಿಂಗ್ ಮಾಸ್ಟರ್ ಹಾಕಿಕೊಳ್ಳುವ ಹಾಗೆ. ನಾನು ಎರಡು ನೋಟನ್ನೂ ಮೊದಲೇ ತಿರುಗಿಸಿ, ಟೇಪು ಕಾಣುವ ಹಾಗೆ ಮೇಜಿನ ಮೇಲೆ ಇಟ್ಟೆ. ಮುಚ್ಚಿಟ್ಟು ಕೊಡುವುದು ಬೇಡ ಅನ್ನಿಸಿತು.

ಅವರು ಅವಸರ ಮಾಡಲಿಲ್ಲ. ಒಂದು ಭೂತಗನ್ನಡಿ ತೆಗೆದರು. ಸೀಳಿನ ಎರಡೂ ಕಡೆಯ ಗೆರೆಗಳು ಕೂಡುತ್ತವಾ ಅಂತ ನೋಡಿದರು. ನಂತರ ಎಡಗಡೆ ಮತ್ತು ಬಲಗಡೆ ಇರುವ ನಂಬರ್ ಎರಡೂ ಒಂದೇನಾ ಅಂತ ಬೆರಳಿಟ್ಟು ಓದಿದರು. ಫೋನಿನಲ್ಲಿ ಥಾಯ್ ಭಾಷೆಯಲ್ಲಿ ಮಾತಾಡಿ ಇಂಗ್ಲಿಷ್ ಮಾಡಿ ನನಗೆ ತೋರಿಸಿದರು. ಟೇಪು ಹಚ್ಚಿದ ನೋಟೆಂದರೆ ಎರಡು ಬೇರೆ ನೋಟಿನ ತುಂಡುಗಳನ್ನು ಜೋಡಿಸಿದ್ದಿರಬಹುದು ಅಂತ ಎಲ್ಲರಿಗೂ ಭಯ. ಅದಕ್ಕೇ ನಂಬರ್ ನೋಡಬೇಕು. ಸೀಳು ಇದ್ದರೆ ಸುಮ್ನೆ ಹಾಗೇ ಬಿಡಬೇಕು, ಟೇಪು ಹಚ್ಚಬಾರದು. ಟೇಪು ಹಚ್ಚಿದರೆ ಸಣ್ಣ ಸೀಳೂ ದೊಡ್ಡ ಅನುಮಾನ ಆಗುತ್ತದೆ.

ಇನ್ನೊಂದು ವಿಷಯವನ್ನೂ ಅವರಿಂದ ತಿಳಿದುಕೊಂಡೆ. ಇಂಥ ಅಂಗಡಿಗಳು ತೆಗೆದುಕೊಂಡ ಡಾಲರನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಇನ್ನೊಬ್ಬ ಗಿರಾಕಿಗೆ ಮಾರಬೇಕು, ಇಲ್ಲವೇ ದೊಡ್ಡ ವ್ಯಾಪಾರಿಗೆ, ಬ್ಯಾಂಕಿಗೆ ಕೊಡಬೇಕು. ಅಲ್ಲಿ ಒಳ್ಳೆಯ ನೋಟು, ಕೆಟ್ಟ ನೋಟು ಅಂತ ಬೇರೆ ಮಾಡುತ್ತಾರೆ. ಕೆಟ್ಟದ್ದನ್ನು ಕೊನೆಗೆ ಅಮೆರಿಕಕ್ಕೇ ಕಳಿಸಬೇಕು, ಸಾಗಿಸುವ ಖರ್ಚು, ವಿಮೆ, ತಿಂಗಳುಗಟ್ಟಲೆ ಕಾಯುವುದು. ಆ ಖರ್ಚು ಯಾರ ತಲೆಗೆ? ಹರಿದ ನೋಟಿಗೆ ರೇಟು ಕಡಿಮೆ ಕೊಡುವುದು ಅದಕ್ಕೆ. ಇದು ನನಗೆ ಕೂಡಲೇ ಅರ್ಥ ಆಯಿತು. ನಮ್ಮಲ್ಲೂ ಸೆಕೆಂಡ್ಸ್ ಮಾಲು ಅಂತ ಇದೆಯಲ್ಲ. ಪ್ಯಾಂಟು ಹಾಕಿಕೊಳ್ಳುವುದಕ್ಕೆ ಬರುತ್ತದೆ, ಆದರೆ ಹೊಲಿಗೆ ಸ್ವಲ್ಪ ಸೊಟ್ಟ, ಅಥವಾ ವಾಷಿಂಗ್‌ನಲ್ಲಿ ಕಲೆ. ಅದನ್ನು ಸೆಕೆಂಡ್ಸ್ ಅಂತ ಹೇಳಿಯೇ ಕಡಿಮೆಗೆ ಕೊಡುತ್ತೇವೆ.

ಕ್ಯಾಲ್ಕುಲೇಟರ್‌ನಲ್ಲಿ ಬರೆದು ತೋರಿಸಿದರು. ಒಳ್ಳೆಯ ನೋಟಿಗೆ 33.40 ಬಾತ್. ಈ ಹರಿದ ನೋಟಿಗೆ 31. ನಾನು ಲೆಕ್ಕ ಹಾಕಿದೆ, 240 ಬಾತ್ ಹೋಗುತ್ತದೆ, ನಮ್ಮ 600 ರೂಪಾಯಿ ಮೇಲೆ. ಒಪ್ಪಿದೆ. ಕೈಗೆ 3,100 ಬಂತು, ರಸೀದಿಯೂ ಬಂತು. ಬಟನ್ನಿನ ಮುಂಗಡಕ್ಕೆ ಸರಿಹೋಗಿ ಊಟಕ್ಕೂ ಉಳಿಯಿತು.

ಹಳೆಯ ಮುದ್ರೆಯ ನೋಟನ್ನು ಮಾತ್ರ ಅವರೂ ತೆಗೆದುಕೊಳ್ಳಲಿಲ್ಲ. ಕೇಳಿದ್ದರೆ ಅರ್ಧ ಬೆಲೆಗೂ ನಾನು ಕೊಟ್ಟುಬಿಡುತ್ತಿದ್ದೆ, ಅಷ್ಟು ಗಾಬರಿಯಲ್ಲಿದ್ದೆ. ಅವರು ಕೇಳಲಿಲ್ಲ. "ಇದು ಒಳ್ಳೆಯ ದುಡ್ಡೇ, ಅಮೆರಿಕಕ್ಕೆ ಹೋಗುವವರ ಕೈಲಿ ಕೊಡಿ, ಇಲ್ಲಿ ಕಳೆದುಕೊಳ್ಳಬೇಡಿ" ಅನ್ನುವ ಅರ್ಥದ ಮಾತು ಫೋನಿನ ಪರದೆಯ ಮೇಲೆ ಬಂತು. ಅದನ್ನು ಓದಿ ನನಗೆ ಕಣ್ಣು ತುಂಬಿತು. ಆ ಗೂಡಂಗಡಿಗೆ 5ಕ್ಕೆ 5.

ಹೊರಡುವ ಮುಂಚೆ ಒಂದು ಹೊಸ ನೋಟು ತೆಗೆದು ಹೇಗೆ ನೋಡಬೇಕು ಅಂತ ತೋರಿಸಿಕೊಟ್ಟರು. ಈಗ ಓಡುತ್ತಿರುವ 100 ಡಾಲರ್ ನಮೂನೆ ಹೊರಬಂದಿದ್ದು 2013ರ ಅಕ್ಟೋಬರ್‌ನಲ್ಲಿ. ಅದರ ನೀಲಿ ಪಟ್ಟಿ ಅಚ್ಚು ಹೊಡೆದದ್ದಲ್ಲ, ಕಾಗದದೊಳಗೆ ನೇಯ್ದದ್ದು. ನೋಟು ಅಲ್ಲಾಡಿಸಿದರೆ ಪಟ್ಟಿಯೊಳಗಿನ ಸಣ್ಣ ಗಂಟೆಗಳು 100 ಅನ್ನುವ ಅಂಕಿಗಳಾಗಿ ಬದಲಾಗುತ್ತವೆ. ಪಕ್ಕದಲ್ಲಿ ಮಸಿಕುಡಿಕೆಯ ಚಿತ್ರ, ಅದರೊಳಗೆ ಒಂದು ಗಂಟೆ. ಓರೆ ಮಾಡಿದರೆ ತಾಮ್ರದ ಬಣ್ಣದಿಂದ ಹಸಿರಿಗೆ ತಿರುಗುತ್ತದೆ. ಬೆಳಕಿಗೆ ಹಿಡಿದರೆ ಬಲಗಡೆ ಫ್ರಾಂಕ್ಲಿನ್ ಅವರ ಮಸುಕು ಮುಖ ಕಾಣುತ್ತದೆ.

ಇಷ್ಟು ನೋಡುವಾಗ ನನ್ನ ಬೆರಳಿಗೆ ಒಂದು ವಿಷಯ ಗೊತ್ತಾಯಿತು. ಅದು ಮಾಮೂಲಿ ಕಾಗದ ಅಲ್ಲ, ಬಟ್ಟೆಯ ನಾರಿನದ್ದು. ಡಾಲರ್ ನೋಟು 75 ಭಾಗ ಹತ್ತಿ, 25 ಭಾಗ ಲಿನೆನ್ ಅಂತ ಆಮೇಲೆ ಓದಿದೆ. ದಿನಾ ಡೆನಿಮ್ ಮುಟ್ಟುವ ಕೈ ಅಲ್ವಾ, ಉಜ್ಜಿದರೆ ಹತ್ತಿ ಅಂತ ತಿಳಿಯಿತು. ಬಟ್ಟೆಯ ಸೀಳು ಅಂಚಿನಿಂದಲೇ ಶುರುವಾಗುತ್ತದೆ, ನೋಟೂ ಹಾಗೇ. ಹಾಗಾಗಿ ಈಗ ನಾನು ಮೊದಲು ನಾಲ್ಕು ಅಂಚಿನ ಮೇಲೆ ಬೆರಳು ಎಳೆಯುತ್ತೇನೆ, ನಡುಭಾಗ ಆಮೇಲೆ.

ವಾಪಸ್ ಬಂದ ಮೇಲೆ ನಮ್ಮೂರಿನ ಏಜೆನ್ಸಿಗೆ ಮತ್ತೆ ಹೋದೆ. ಜಗಳಕ್ಕಲ್ಲ. ಉಳಿದ ನೋಟು ತೋರಿಸಿ, ಇದನ್ನು ನೀವೇ ಕೊಟ್ಟಿದ್ದು, ಬದಲಾಯಿಸಿಕೊಡಿ ಅಂದೆ. "ಕೌಂಟರ್ ಬಿಟ್ಟ ಮೇಲೆ ನಮ್ಮ ಜವಾಬ್ದಾರಿ ಇಲ್ಲ ಮೇಡಂ" ಅಂದ ಅದೇ ಹುಡುಗ. ಗೋಡೆಯ ಮೇಲೆ ಹಾಗಂತ ಒಂದು ಬೋರ್ಡೂ ಇತ್ತು. ಬಿಲ್ಲಿನಲ್ಲಿ ಮೊತ್ತ, ರೇಟು, ಜಿಎಸ್‌ಟಿ ಎಲ್ಲ ಇದೆ, ನೋಟಿನ ನಂಬರ್ ಇಲ್ಲ. ಈ ನೋಟು ಅವರೇ ಕೊಟ್ಟಿದ್ದು ಅಂತ ನಾನು ಹೇಗೆ ತೋರಿಸಲಿ? ಎರಡನೆಯ ಸಲ ಹೋದಾಗ ಯಜಮಾನರು ಇದ್ದರು, ಉತ್ತರ ಮಾತ್ರ ಅದೇ.

ಇಲ್ಲಿ ನನಗೆ ನಿಜವಾಗಿ ನೋವಾಯಿತು. ನಾವು ಹತ್ತು ಪ್ಯಾಂಟಿನ ಬಂಡಲ್ ಕಟ್ಟುತ್ತೇವೆ. ಅದರಲ್ಲಿ ಒಂದು ಡ್ಯಾಮೇಜ್ ಪೀಸ್ ಹೋದರೆ ವ್ಯಾಪಾರಿ ಫೋನ್ ಮಾಡುತ್ತಾನೆ, ನಾವು ಬದಲಾಯಿಸಿಕೊಡುತ್ತೇವೆ. ನಮ್ಮ ಲೇಬಲ್ ಇದೆ, ನಮ್ಮ ಮಾತಿದೆ. ಅವನು ಸುಳ್ಳು ಹೇಳುತ್ತಿರಬಹುದು ಅಂತ ಅನ್ನಿಸಿದ ದಿನವೂ ಬದಲಾಯಿಸಿಕೊಟ್ಟಿದ್ದೇವೆ. ಟೇಪು ಹಚ್ಚಿದ ನೋಟು ಆ ಹುಡುಗನ ಕಣ್ಣಿಗೆ ಬಿದ್ದಿರಲಿಲ್ಲ ಅಂತ ನಾನು ನಂಬುವುದಿಲ್ಲ. ಹಳದಿ ಟೇಪು ಅದು. ಮೊದಲ ಸಲ ಹೊರದೇಶಕ್ಕೆ ಹೋಗುವವಳು, ನೋಡುವುದಿಲ್ಲ ಅಂತ ಬಂಡಲ್‌ನಲ್ಲಿ ಸೇರಿಸಿದರು. ಇವರಿಗೆ 5ಕ್ಕೆ 1.

ಆಮೇಲೆ ವಿದೇಶಿ ವಿನಿಮಯ ನೋಡುವ ಒಂದು ಬ್ಯಾಂಕ್ ಶಾಖೆಗೆ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ರೂಪಾಯಿ ನೋಟಿನ ಲೆಕ್ಕ. ಜೀನ್ಸ್ ಜೇಬಿನಲ್ಲಿ ಉಳಿದು ವಾಷಿಂಗ್‌ಗೆ ಹೋಗಿ ಹರಿದ ನೋಟು ನಮಗೆ ಹೊಸದಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಇದೆ. 50 ರೂಪಾಯಿ ಮತ್ತು ಮೇಲಿನ ನೋಟಿನ ಒಂದೇ ತುಂಡು 80 ಭಾಗಕ್ಕಿಂತ ಜಾಸ್ತಿ ಉಳಿದಿದ್ದರೆ ಪೂರ್ತಿ ಹಣ. 40ರಿಂದ 80 ಇದ್ದರೆ ಅರ್ಧ. ಅದಕ್ಕಿಂತ ಕಡಿಮೆ ಆದರೆ ಏನೂ ಇಲ್ಲ. ಯಾವ ಬ್ಯಾಂಕ್ ಶಾಖೆಯಲ್ಲಾದರೂ ಬದಲಾಯಿಸಬಹುದು, ನಮ್ಮ ಅಕೌಂಟ್ ಇರಲೇಬೇಕು ಅಂತಲೂ ಇಲ್ಲ.

ಅಲ್ಲಿನ ಅಧಿಕಾರಿ ತಾಳ್ಮೆಯಿಂದ ಹೇಳಿದರು. ಆ ನಿಯಮ ರೂಪಾಯಿಗೆ ಮಾತ್ರ. ಡಾಲರನ್ನು ಪೂರ್ತಿ ಬೆಲೆಗೆ ಬದಲಾಯಿಸುವ ಹೊಣೆ ಅಮೆರಿಕದ್ದು, ನಮ್ಮ ರಿಸರ್ವ್ ಬ್ಯಾಂಕಿನದ್ದಲ್ಲ. ಬೇಕಾದರೆ ಕಲೆಕ್ಷನ್‌ಗೆ ಕಳಿಸಬಹುದು, ಅಂದರೆ ನೋಟು ಹೊರಗೆ ಹೋಗಿ, ಅಲ್ಲಿ ಒಪ್ಪಿಕೊಂಡ ಮೇಲೆ ನಮಗೆ ಹಣ. ಖರ್ಚು ಕಳೆದು ಕೊಡುತ್ತಾರೆ. ಒಂದೇ ನೋಟಿಗೆ ಅದು ದಂಡ, ನೀವೇ ಇಟ್ಟುಕೊಳ್ಳಿ ಅಂದರು. ಪ್ರವಾಸದಿಂದ ಬಂದವರು 2000 ಡಾಲರ್‌ವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು ಅಂತಲೂ ಹೇಳಿದರು. ಕೆಲಸ ಆಗಲಿಲ್ಲ, ಆದರೆ ಸಲಹೆ ಸರಿ ಇತ್ತು. 5ಕ್ಕೆ 4.

ಆ ಮೇಲೆ ಒಂದು ವಾರ ರಾತ್ರಿ ಕೂತು ಬೇರೆ ಬೇರೆ ದೇಶದ ನಿಯಮ ಓದಿದೆ. ಅಮೆರಿಕದ ಸರ್ಕಾರ 1861ರಿಂದ ಹೊರಡಿಸಿದ ಯಾವ ನೋಟನ್ನೂ ರದ್ದು ಮಾಡಿಲ್ಲ. ನೋಟಿನ ಅರ್ಧಕ್ಕಿಂತ ಜಾಸ್ತಿ ಭಾಗ ಸ್ಪಷ್ಟವಾಗಿ ಇದ್ದರೆ ಪೂರ್ತಿ ಬೆಲೆ. ತೀರಾ ಸುಟ್ಟು, ಗೆದ್ದಲು ತಿಂದು ಹೋಗಿದ್ದರೆ ವಾಷಿಂಗ್ಟನ್‌ನಲ್ಲಿರುವ ನೋಟು ಮುದ್ರಿಸುವ ಸಂಸ್ಥೆಯೇ ಪರೀಕ್ಷೆ ಮಾಡಿ ಹಣ ಕೊಡುತ್ತದೆ, ಶುಲ್ಕ ಇಲ್ಲ. ಯೂರೋ ಕೂಡ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆಯಾ ದೇಶದ ಕೇಂದ್ರ ಬ್ಯಾಂಕಿನಲ್ಲಿ ಬದಲಾಗುತ್ತದೆ. ಜಪಾನಿನಲ್ಲಿ ಮೂರರಲ್ಲಿ ಎರಡು ಭಾಗ ಇದ್ದರೆ ಪೂರ್ತಿ, ಐದರಲ್ಲಿ ಎರಡು ಭಾಗ ಇದ್ದರೆ ಅರ್ಧ. ಅಂದರೆ ಆಯಾ ದೇಶದೊಳಗೆ ಹರಿದ ನೋಟು ಸಾಯುವುದಿಲ್ಲ. ಪರದೇಶದ ಕೌಂಟರ್‌ನಲ್ಲಿ ಮಾತ್ರ ಅದಕ್ಕೆ ಪೂರ್ತಿ ಬೆಲೆ ಇಲ್ಲ. ಹಾಗಾಗಿ ಅಲ್ಲಿ ಇರುವಾಗ ಅಲ್ಲಿನ ನೋಟು ಹರಿದರೆ ಅಲ್ಲೇ ಬದಲಾಯಿಸಿ ಬನ್ನಿ, ಊರಿಗೆ ತರಬೇಡಿ.

ರಾಯಚೂರಿನಲ್ಲಿರುವ ನನ್ನ ಚಿಕ್ಕಮ್ಮನ ಹತ್ತಿರ 20 ಪೌಂಡಿನ ಎರಡು ಕಾಗದದ ನೋಟು ಇದ್ದವು, ಯಾರೋ ಲಂಡನ್ನಿನಿಂದ ಬಂದಾಗ ಕೊಟ್ಟಿದ್ದು. ಚೂರೂ ಹರಿದಿಲ್ಲ, ಇಸ್ತ್ರಿ ಮಾಡಿದ ಹಾಗಿವೆ. ಆದರೆ ಅಲ್ಲಿ ಕಾಗದದ 20 ಮತ್ತು 50 ಪೌಂಡ್ ನೋಟಿನ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಈಗ ಪ್ಲಾಸ್ಟಿಕ್ ನೋಟು. ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡ್ ಮಾತ್ರ ಈಗಲೂ ಬದಲಾಯಿಸಿಕೊಡುತ್ತದೆ. ಬೀರುವಿನಲ್ಲಿ ಹಳೆಯ ಪೌಂಡ್ ಇದ್ದವರು ಒಮ್ಮೆ ತೆಗೆದು ನೋಡಿ.

ನನ್ನ 1996ರ ನೋಟು ಐದು ತಿಂಗಳು ದೇವರ ಮನೆಯ ಡಬ್ಬಿಯಲ್ಲಿತ್ತು. ದಸರೆಗೆ ಅಕ್ಕನ ಮಗ ಅಮೆರಿಕದಿಂದ ಬಂದಿದ್ದ, ಅಲ್ಲಿ ಓದುತ್ತಿದ್ದಾನೆ. ಅವನ ಕೈಲಿ ಕಳಿಸಿದೆ. ವಾಪಸ್ ಅಲ್ಲಿಗೆ ಹೋಗಿ ಒಂದು ವಾರದೊಳಗೇ ಅವನು ತನ್ನ ಬ್ಯಾಂಕಿನಲ್ಲಿ ಕಟ್ಟಿದ. ಕೌಂಟರಿನವರು ಮುದ್ರೆ ನೋಡಿದರು, ನೋಟನ್ನು ಬೆಳಕಿಗೆ ಹಿಡಿದರು, ಅಕೌಂಟಿಗೆ 100 ಡಾಲರ್ ಹಾಕಿದರು. ಒಂದು ಸೆಂಟೂ ಕಡಿಮೆ ಇಲ್ಲ. ಸ್ಲಿಪ್ಪಿನ ಫೋಟೊ ಕಳಿಸಿದ, ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ಸಲ ಮತ್ತೆ ಹೋಗುವುದಿತ್ತು, ಬಟನ್ ಚೆನ್ನಾಗಿ ಓಡಿದ್ದಕ್ಕೆ. ಡಾಲರನ್ನು ಬೇರೆ ಕಡೆ ಕೊಂಡೆ. ಎಂಟು ನೋಟು. ಮಷೀನು ಎಣಿಸಿದ ಮೇಲೆ "ಕವರಿಗೆ ಹಾಕಬೇಡಿ, ಸ್ಟೇಪ್ಲರ್ ಬೇಡ" ಅಂದೆ. ಮೇಜಿನ ಮೇಲೆ ಎಂಟನ್ನೂ ಹರವಿದೆ. ಅಂಚು ಸವರಿದೆ, ಓರೆ ಮಾಡಿ ಗಂಟೆ ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದೆ ಇಬ್ಬರು ಕಾಯುತ್ತಿದ್ದರು, ನಾನು ಅವಸರ ಮಾಡಲಿಲ್ಲ. ಒಂದರಲ್ಲಿ ಪೆನ್ನಿನ ಗೀಟು ಇತ್ತು, ಇನ್ನೊಂದರಲ್ಲಿ ಅಕ್ಕಿಕಾಳಿನಷ್ಟು ಸೀಳು. ಎರಡನ್ನೂ ಪಕ್ಕಕ್ಕೆ ಇಟ್ಟೆ. ಕ್ಯಾಷಿಯರ್ ಏನೂ ಮಾತಾಡದೆ ಡ್ರಾಯರ್ ತೆಗೆದು ಬೇರೆ ಎರಡು ಕೊಟ್ಟರು. ಎಂಟೂ ನೋಟಿನ ಫೋಟೊ ತೆಗೆದುಕೊಳ್ಳಲಾ ಅಂತ ಕೇಳಿದೆ. "ತೆಗೀರಿ ಅಮ್ಮ" ಅಂದು ಅವರೇ ನೋಟುಗಳನ್ನು ನಂಬರ್ ಕಾಣುವ ಹಾಗೆ ಜೋಡಿಸಿಟ್ಟರು. ಹಿಂದೆ ಕಾಯುತ್ತಿದ್ದ ಹೆಂಗಸು ತನ್ನ ಸರದಿ ಬಂದಾಗ ಕವರ್ ಬಿಚ್ಚಿ ಕಿಟಕಿಯ ಹತ್ತಿರ ಹೋದಳು.